ಒಲೆಗಿಂತ ಮೊದಲು ಪಾತ್ರೆಯ ಕಪಾಟು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಅತ್ತಿಗೆಯ ಮನೆಗೆ ಇಂಡಕ್ಷನ್ ಒಲೆ ಬಂದ ಮೊದಲ ದಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ. ಸಾರು ಅದೇ ಒಲೆಯಲ್ಲಿ ಚೆನ್ನಾಗಿಯೇ ಕುದಿದಿತ್ತು. ಆಮೇಲೆ ಕಬ್ಬಿಣದ ಒಗ್ಗರಣೆ ಸೌಟಿಗೆ ತೆಂಗಿನೆಣ್ಣೆ ಹೊಯ್ದು, ಸಾಸಿವೆ ಹಾಕಿ ಗಾಜಿನ ಮೇಲೆ ಇಟ್ಟರೆ ಒಲೆ ಕುಂಯ್ ಕುಂಯ್ ಎಂದು ಕೂಗಿತು, ಪರದೆಯಲ್ಲಿ ಏನೋ ಅಕ್ಷರ ಮಿನುಗಿಸಿತು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಆರಿತು. ಸೌಟನ್ನು ಅತ್ತ ಇತ್ತ ಸರಿಸಿ ನೋಡಿದ್ದಾಯಿತು. ಕಬ್ಬಿಣದ ಪಾತ್ರೆ ಆಗುತ್ತದೆ ಎಂದು ಅಂಗಡಿಯವನೇ ಹೇಳಿದ್ದ; ಸೌಟೂ ಕಬ್ಬಿಣದ್ದೇ. ಕೊನೆಗೆ ಅತ್ತಿಗೆ ಸೌಟು ಹಿಡಿದುಕೊಂಡು ಬಚ್ಚಲಿನ ಒಲೆಗೆ ಹೋಗಿ, ಹಂಡೆಯಡಿಯ ಕೆಂಡದ ಮೇಲೆ ಸಾಸಿವೆ ಸಿಡಿಸಿಕೊಂಡು ಬಂದರು.

ಈಗ ಅವರು ಅಡುಗೆಮನೆಯನ್ನೇ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಕಾಸರಗೋಡಿನ ಮೂರು ಅಂಗಡಿ ಹತ್ತಿ ಇಳಿದು ಬಂದರು. ಒಂದು ಕಡೆ ನಾಲ್ಕು ಬರ್ನರಿನ ಗಾಜಿನ ಒಲೆ ತೋರಿಸಿದರು, ಇನ್ನೊಂದು ಕಡೆ ಕಲ್ಲಿನೊಳಗೆ ಹುದುಗಿಸುವ ಹಾಬ್, ಮೂರನೆಯ ಕಡೆ "ಇನಿ ಗ್ಯಾಸೇ ಬೇಡ ಚೇಚಿ" ಎಂದು ಎರಡು ಮಂಡಲದ, ಅಂದರೆ ಎರಡು ಪಾತ್ರೆ ಇಡಬಹುದಾದ, ಇಂಡಕ್ಷನ್. "ಈ ಸಲವೂ ಮೋಸ ಹೋಗಬಾರದು, ಯಾವುದು ಒಳ್ಳೆಯದು ಹೇಳು" ಎಂದು ಅತ್ತಿಗೆ ನನ್ನನ್ನು ಕರೆಸಿದರು. ನಾನು ಒಲೆಯ ಸುದ್ದಿ ತೆಗೆಯಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗೊಂಬೆಯ ಅಯಸ್ಕಾಂತವನ್ನು ಕಿತ್ತುಕೊಂಡು, "ಪಾತ್ರೆಯ ಕಪಾಟು ತೆಗೆಯಿರಿ ಅತ್ತಿಗೆ" ಎಂದೆ.

ಹೊರಬಂದವು ಇವು: ಅಲ್ಯೂಮಿನಿಯಮ್ ಕುಕ್ಕರ್ ಎರಡು, ಬೀಡು ಕಬ್ಬಿಣದ ದೋಸೆಕಲ್ಲು, ಕಂಚಿನ ಉರುಳಿ, ಆವಿಯಲ್ಲಿ ಬೇಯಿಸುವ ಅಲ್ಯೂಮಿನಿಯಮ್ಮಿನ ದೊಡ್ಡ ಅಟ್ಟಿನಳಗೆ, ಓಡುಪಾಳೆ ಮಾಡುವ ಮಣ್ಣಿನ ಓಡು, ಬಾಣಲೆ, ನಾಲ್ಕಾರು ಸ್ಟೀಲ್ ಪಾತ್ರೆ, ಮತ್ತೆ ಆ ಸೌಟು. ಅಯಸ್ಕಾಂತ ಗಟ್ಟಿಯಾಗಿ ಕಚ್ಚಿದ್ದು ದೋಸೆಕಲ್ಲಿಗೆ, ಬಾಣಲೆಗೆ, ಒಂದು ಸ್ಟೀಲ್ ಪಾತ್ರೆಯ ಅಡಿಗೆ, ಸೌಟಿಗೆ. ಉಳಿದವುಗಳ ಮೇಲೆ ಜಾರಿ ಬಿತ್ತು. ಯಾವ ಒಲೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ನೆಲದ ಮೇಲೆ ಹರಡಿಕೊಂಡಿತ್ತು.

ಗ್ಯಾಸ್ ಒಲೆಯ ಕೆಲಸ ಕಣ್ಣಿಗೆ ಕಾಣುವಂಥದ್ದು. ಉರಿ ಪಾತ್ರೆಯ ಅಡಿಗೆ ತಾಗುತ್ತದೆ, ಪಾತ್ರೆ ಕಾಯುತ್ತದೆ. ಉರಿಗೆ ಪಂಕ್ತಿಭೇದವಿಲ್ಲ. ಮಣ್ಣಾಗಲಿ, ಕಂಚಾಗಲಿ, ಅಡಿ ಉರುಟಾಗಿರಲಿ, ಸಪಾಟಾಗಿರಲಿ, ಬೆಂಕಿ ಎಲ್ಲವನ್ನೂ ಕಾಯಿಸುತ್ತದೆ. ಅದರ ತೊಂದರೆ ಬೇರೆ. ಬಿಸಿ ಗಾಳಿಯ ಒಂದು ಪಾಲು ಪಾತ್ರೆಯ ಪಕ್ಕದಿಂದ ಜಾರಿ ಅಡುಗೆಮನೆಯನ್ನೂ ಅಡುಗೆ ಮಾಡುವವರನ್ನೂ ಕಾಯಿಸುತ್ತದೆ. ಐ.ಎಸ್.ಐ. ಮುದ್ರೆ ಬೇಕಾದರೆ ಮನೆಬಳಕೆಯ ಗ್ಯಾಸ್ ಒಲೆ ಕನಿಷ್ಠ 68 ಶೇಕಡಾ ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು. ಒಳ್ಳೆಯ ಒಲೆಯಲ್ಲೂ ಮೂರರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಹೊರಗೇ ಹೋಗುತ್ತದೆ ಎಂದಾಯಿತು. ಅದೂ ಪ್ರಯೋಗಾಲಯದಲ್ಲಿ; ಸಣ್ಣ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲಿಟ್ಟು ಉರಿ ಪಕ್ಕದಿಂದ ಮೇಲೇರುವಂತೆ ಬಿಡುವ ಮನೆಗಳಲ್ಲಿ ನಷ್ಟ ಇನ್ನೂ ಹೆಚ್ಚು.

ಇಂಡಕ್ಷನ್ ಒಲೆಯಲ್ಲಿ ತಾನು ಕಾಯ್ದು ಪಾತ್ರೆಯನ್ನು ಕಾಯಿಸುವ ಭಾಗವೇ ಇಲ್ಲ. ಗಾಜಿನ ಕೆಳಗೆ ಚಕ್ಕುಲಿಯಂತೆ ಸುತ್ತಿದ ತಾಮ್ರದ ತಂತಿಯಿದೆ. ಅದರಲ್ಲಿ ವಿದ್ಯುತ್ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ. ಅದರಿಂದ ಹುಟ್ಟುವ ಕಾಂತಶಕ್ತಿಯೂ ಅಷ್ಟೇ ವೇಗದಲ್ಲಿ ತಿರುಗಿ ಮುರುಗಿ ಪಾತ್ರೆಯ ಅಡಿಯನ್ನು ಹೊಕ್ಕಾಗ, ಆ ಲೋಹದೊಳಗೆ ವಿದ್ಯುತ್ತಿನ ಸುಳಿಗಳು ಏಳುತ್ತವೆ. ತೋಡಿನ ನೀರು ಬಂಡೆಗೆ ಬಡಿದು ಸುತ್ತುತ್ತದಲ್ಲ, ಹಾಗೆ. ಕಬ್ಬಿಣ ಈ ಸುಳಿಗಳನ್ನು ಸಲೀಸಾಗಿ ಓಡಲು ಬಿಡುವುದಿಲ್ಲ, ಅವುಗಳಿಗೆ ಅಡ್ಡ ನಿಲ್ಲುತ್ತದೆ; ಆ ತಡೆಯೇ ಶಾಖ. ಅಂದರೆ ಇಲ್ಲಿ ಪಾತ್ರೆಯೇ ಒಲೆ. ಗಾಜು ಬಿಸಿಯಾಗುವುದು ಪಾತ್ರೆಯಿಂದ ಮರಳಿ ಬಂದ ಬಿಸಿಯಿಂದ. ಹೀಗಾಗಿ ಶೇಕಡಾ 85ರಷ್ಟು ವಿದ್ಯುತ್ ಪಾತ್ರೆಯಲ್ಲೇ ಶಾಖವಾಗಿ ಉಳಿಯುತ್ತದೆ. ಅಲ್ಯೂಮಿನಿಯಮ್, ತಾಮ್ರ, ಕಂಚುಗಳಿಗೆ ಅಯಸ್ಕಾಂತ ಅಂಟುವುದಿಲ್ಲ, ಅವುಗಳಲ್ಲಿ ವಿದ್ಯುತ್ ಹೆಚ್ಚು ತಡೆಯಿಲ್ಲದೆ ಹರಿದುಹೋಗುತ್ತದೆ; ಹಾಗಾಗಿ ಈ ಒಲೆಗೆ ಅವು ಪಾತ್ರೆಗಳೇ ಅಲ್ಲ. ಮಣ್ಣಿನ ಓಡಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲ.

ಹಾಗಾದರೆ ಕಬ್ಬಿಣದ ಸೌಟು ಮಾಡಿದ ತಪ್ಪೇನು? ಅದರ ಬುಡ ಉರುಟು, ಗಾಜಿಗೆ ತಾಗುವುದು ಒಂದು ನಾಣ್ಯದಷ್ಟು ಜಾಗ. ಕಾಂತಶಕ್ತಿ ಗಾಜಿನಿಂದ ಮೇಲೆ ಹೋದಷ್ಟೂ ಬೇಗ ಕ್ಷೀಣಿಸುತ್ತದೆ. ತಂತಿಯ ಸುರುಳಿಯ ಮೇಲೆ ಸಾಕಷ್ಟು ಕಬ್ಬಿಣ ಕುಳಿತಿದೆಯೇ ಎಂದು ಒಲೆ ಮೊದಲು ಅಳೆದು ನೋಡುತ್ತದೆ, ಇಲ್ಲವೆಂದು ಕಂಡರೆ ಕೆಲಸ ಶುರು ಮಾಡುವುದಿಲ್ಲ. ಒಲೆಯ ಗಾಜಿನ ಮೇಲೆ ಮರೆತ ಚಮಚವೊಂದು ಕೆಂಪಗೆ ಕಾಯದಿರಲಿ ಎಂಬ ಎಚ್ಚರಿಕೆಯೇ ಅತ್ತಿಗೆಯ ಒಗ್ಗರಣೆಗೆ ಅಡ್ಡ ಬಂದದ್ದು. ಬಾಣಲೆಗೂ ಅದೇ ಗತಿ: ಅಯಸ್ಕಾಂತ ಕಚ್ಚುತ್ತದೆ, ಆದರೆ ಉರುಟು ಅಡಿಯ ನಟ್ಟನಡುವೆ ಮಾತ್ರ ಎಣ್ಣೆ ಕಾಯ್ದು ಸುತ್ತ ತಣ್ಣಗಿರುತ್ತದೆ. ಆದ್ದರಿಂದ ಅಯಸ್ಕಾಂತದ ಪರೀಕ್ಷೆಯ ಜೊತೆ ಇನ್ನೊಂದು ಪರೀಕ್ಷೆಯೂ ಬೇಕು. ಪಾತ್ರೆಯನ್ನು ಕಡಪ ಕಲ್ಲಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿ. ಅಲ್ಲಾಡಿದರೆ ಅದು ಇಂಡಕ್ಷನ್ನಿಗೆ ಹೇಳಿದ್ದಲ್ಲ. ಸ್ಟೀಲಿನಲ್ಲಿ ಎರಡು ಜಾತಿ ಇರುವುದನ್ನೂ ಹೇಳಬೇಕು. ಹೊಳೆಯುವ ಒಳ್ಳೆಯ ಸ್ಟೀಲಿಗೆ ಎಷ್ಟೋ ಸಲ ಅಯಸ್ಕಾಂತ ಅಂಟುವುದಿಲ್ಲ. ಹಾಗಾಗಿ ಇಂಡಕ್ಷನ್ ಪಾತ್ರೆಗಳ ಅಡಿಗೆ ಅಂಟುವ ಜಾತಿಯ ಪದರವೊಂದನ್ನು ಬೇರೆಯೇ ಕೂರಿಸಿರುತ್ತಾರೆ.

"ಹಾಗಾದರೆ ಯಾವ ಪಾತ್ರೆಯನ್ನಾದರೂ ಇಡಬಹುದಂತೆ, ಕೆಂಪಗೆ ಉರಿಯುವ ಕರೆಂಟಿನ ಒಲೆ?" ಎಂದು ಅತ್ತಿಗೆ ಕೇಳಿದರು. ಇನ್‌ಫ್ರಾರೆಡ್ ಒಲೆಯ ಮಾತು ಅದು. ಅಲ್ಲಿ ಗಾಜಿನಡಿಯ ತಂತಿಯೇ ಕಾಯ್ದು ಕೆಂಪಾಗುತ್ತದೆ, ಗಾಜನ್ನು ಕಾಯಿಸುತ್ತದೆ, ಗಾಜು ಪಾತ್ರೆಯನ್ನು ಕಾಯಿಸುತ್ತದೆ. ಅಡಿ ಸಪಾಟಾಗಿದ್ದರೆ ಲೋಹ ಯಾವುದಾದರೂ ನಡೆಯುತ್ತದೆ ಎಂಬುದು ನಿಜ. ಆದರೆ ಕಾಯಲು ಹೊತ್ತು ಬೇಕು, ಆರಲೂ ಹೊತ್ತು ಬೇಕು. ಹಾಲು ಉಕ್ಕುವಾಗ ಗುಂಡಿ ಒತ್ತಿದರೂ ಗಾಜಿನ ಬಿಸಿಗೆ ಹಾಲು ಉಕ್ಕಿಯೇ ತೀರುತ್ತದೆ. ಇಂಡಕ್ಷನ್ನಿಗಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಹಳೆಯ ಪಾತ್ರೆ ಬಿಡಲಾರೆ, ಗ್ಯಾಸೂ ಬೇಡ ಎನ್ನುವ ಬಾಡಿಗೆ ಕೋಣೆಯವರಿಗೆ ಅದು ಸರಿ. ಸಂಸಾರದ ಅಡುಗೆಮನೆಗೆ ನಾನು ಹೇಳುವುದಿಲ್ಲ.

ಮುಂದಿನದು ಹಣದ ಮಾತು. ಇಲ್ಲಿ ಅಂಗಡಿಯವರೂ ನೆಂಟರೂ ಬಾಯಿಗೆ ಬಂದ ಲೆಕ್ಕ ಹೇಳುತ್ತಾರೆ, ಆದ್ದರಿಂದ ನಾವೇ ಒಮ್ಮೆ ಮಾಡಿ ನೋಡೋಣ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ. ಅದನ್ನು ಪೂರ್ತಿ ಸುಟ್ಟರೆ ಸಿಗುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿನಷ್ಟು. ಅದರಲ್ಲಿ ಪಾತ್ರೆಗೆ ತಲುಪುವುದು 120 ಯೂನಿಟ್ಟಿನ ಆಸುಪಾಸು. ಅಷ್ಟೇ ಕೆಲಸವನ್ನು ಇಂಡಕ್ಷನ್ನಿನಲ್ಲಿ ಮಾಡಿಸಿದರೆ ಮೀಟರ್ ಓಡುವುದು ಸುಮಾರು 140 ಯೂನಿಟ್. ಈ 140ನ್ನು ನೆನಪಿಟ್ಟುಕೊಂಡರೆ ಸಾಕು, ದರ ಎಷ್ಟು ಸಲ ಬದಲಾದರೂ ಲೆಕ್ಕ ಕೆಡುವುದಿಲ್ಲ. ಸಿಲಿಂಡರಿಗೆ ಮನೆಬಾಗಿಲಲ್ಲಿ ಕೊಡುವ ಹಣವನ್ನು 140ರಿಂದ ಭಾಗಿಸಿ. 910 ರೂಪಾಯಿ ಎಂದಿಟ್ಟುಕೊಂಡರೆ ಆರೂವರೆ ರೂಪಾಯಿ ಬರುತ್ತದೆ. ನಿಮ್ಮ ಯೂನಿಟ್ ದರ ಅದಕ್ಕಿಂತ ಕಡಿಮೆಯಾದರೆ ಇಂಡಕ್ಷನ್ ಅಗ್ಗ, ಹೆಚ್ಚಾದರೆ ಗ್ಯಾಸ್ ಅಗ್ಗ. ಪೇಟೆಯಿಂದ ದೂರದ ಮನೆಗಳವರು ಸಿಲಿಂಡರಿನ ಬೆಲೆಗೆ ರಿಕ್ಷಾ ಬಾಡಿಗೆಯನ್ನೂ ಸೇರಿಸಿಕೊಳ್ಳಬೇಕು. ರಸ್ತೆಯಿಂದ ಅಡಿಕೆ ತೋಟದೊಳಗಿನ ಕಾಲುಸಂಕ ದಾಟಿಸಿ ಅದನ್ನು ಮನೆಗೆ ಹೊತ್ತು ತರುವವನ ಕೂಲಿಯನ್ನೂ.

ಆದರೆ "ನಿಮ್ಮ ಯೂನಿಟ್ ದರ" ಎನ್ನುವಲ್ಲೇ ಒಂದು ಗಂಟು ಇದೆ. ಕೇರಳದಲ್ಲಿ ಮನೆಗಳ ವಿದ್ಯುತ್ ದರ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಯೂನಿಟ್ಟುಗಳು ಅಗ್ಗ, ಮುಂದಿನವು ತುಟ್ಟಿ. ಇಂಡಕ್ಷನ್ನಿನ ಖರ್ಚು ಈಗಾಗಲೇ ಉರಿಯುತ್ತಿರುವ ಬಲ್ಬು, ಫ್ಯಾನು, ಪಂಪಿನ ಖರ್ಚಿನ ಮೇಲೆ ಕೂರುವುದರಿಂದ ಅದಕ್ಕೆ ಸಿಗುವುದು ಮೇಲಿನ ಮೆಟ್ಟಿಲಿನ ದರವೇ ಹೊರತು ಬಿಲ್ಲಿನ ಸರಾಸರಿ ದರವಲ್ಲ. 250 ದಾಟಿದರೆ ಮೆಟ್ಟಿಲೇ ಮಾಯ. ಮೊದಲ ಯೂನಿಟ್ಟಿನಿಂದ ಹಿಡಿದು ಎಲ್ಲದಕ್ಕೂ ಒಂದೇ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನೋಡಬೇಕಾದ ಗೆರೆ 500. ಅತ್ತಿಗೆಯ ಮನೆಯ ಖರ್ಚು ತಿಂಗಳಿಗೆ 180 ಯೂನಿಟ್, ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ. ಅಡುಗೆಯನ್ನೆಲ್ಲ ಇಂಡಕ್ಷನ್ನಿಗೆ ದಾಟಿಸಿದರೆ ತಿಂಗಳಿಗೆ 93 ಯೂನಿಟ್ ಸೇರಿ 273 ಆಗುತ್ತದೆ, ಗೆರೆ ದಾಟಿತು. ಅರ್ಧ ಅಡುಗೆಯನ್ನು ಮಾತ್ರ ದಾಟಿಸಿದರೆ 227ಕ್ಕೆ ನಿಲ್ಲುತ್ತದೆ. "ಅಂದರೆ ಎರಡೂ ಬೇಕು ಅನ್ನು" ಎಂದರು ಅತ್ತಿಗೆ. ಪಾತ್ರೆಗಳು ಹೇಳಿದ್ದೂ ಅದನ್ನೇ, ಬಿಲ್ಲು ಹೇಳಿದ್ದೂ ಅದನ್ನೇ.

ಮೂರನೆಯ ಸಾಕ್ಷಿ ಗೋಡೆಯೊಳಗಿನ ತಂತಿ. 2000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮಿಕ್ಸಿಗೆಂದು ಹಾಕಿದ ಚಿಕ್ಕ ಸಾಕೆಟ್ಟಿನ ತಾಳಿಕೆ ಆರು ಆಂಪಿಯರ್. ಅಡಾಪ್ಟರ್ ಸಿಕ್ಕಿಸಿ ಅದರಲ್ಲೇ ಓಡಿಸುವವರ ಮನೆಯಲ್ಲಿ ಸಾಕೆಟ್ಟಿನ ಬಾಯಿ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ದೊಡ್ಡ ಸಾಕೆಟ್, ದಪ್ಪ ತಂತಿ, ಭಾರ ಹೆಚ್ಚಾದರೆ ತಾನಾಗಿ ವಿದ್ಯುತ್ ಕಡಿಯುವ ಪ್ರತ್ಯೇಕ ಎಂ.ಸಿ.ಬಿ. ಸ್ವಿಚ್, ಸರಿಯಾದ ಅರ್ತಿಂಗ್ ಇಲ್ಲದೆ ಇಂಡಕ್ಷನ್ ಬೇಡ. ಎರಡು ಮಂಡಲದ್ದಾದರೆ ಒಟ್ಟು ಮೂರು ಕಿಲೋವಾಟ್ ದಾಟುವುದುಂಟು, ಅದಕ್ಕೆ ಮನೆಯ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲು ತೆಗೆದು ನೋಡಬೇಕು. ಗೋಡೆ ಇನ್ನೂ ಒಡೆದಿರುವಾಗಲೇ ಈ ಕೆಲಸ ಮುಗಿಸಬೇಕು. ಟೈಲ್ಸ್ ಕೂತ ಮೇಲೆ ಎಲೆಕ್ಟ್ರೀಷಿಯನ್ನನೂ ಮನೆಯವರೂ ಮುಖ ಮುಖ ನೋಡಿಕೊಳ್ಳುವುದಷ್ಟೇ.

ಇನ್ನು ನಮ್ಮ ಮಳೆಗಾಲ. ಜೂನಿನಲ್ಲಿ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಲೈನ್‌ಮನ್ ಬರುವವರೆಗೆ ಊರಿಗೆ ಊರೇ ಕತ್ತಲೆ. ಇನ್ವರ್ಟರ್ ಇದೆಯಲ್ಲ ಎಂದು ಅಣ್ಣ ಹೇಳಿದ. ಮನೆಗಳಲ್ಲಿರುವ ಸಾಮಾನ್ಯ ಇನ್ವರ್ಟರ್ ಫ್ಯಾನು, ದೀಪಗಳಿಗೆ ಹೇಳಿ ಮಾಡಿಸಿದ್ದು; ಎರಡು ಕಿಲೋವಾಟಿನ ಒಲೆ ಹಾಕಿದ ಕ್ಷಣ ಅದು ಕೈಚೆಲ್ಲುತ್ತದೆ. ಹೇಗೋ ತಡೆದುಕೊಂಡಿತು ಎಂದರೂ 150 ಆಂಪಿಯರ್ ಅವರ್ ಬ್ಯಾಟರಿಯೊಳಗೆ ಇರುವ ಒಟ್ಟು ಶಕ್ತಿ ಎರಡು ಯೂನಿಟ್ಟಿಗೂ ಕಡಿಮೆ. ಚಾವಣಿಯ ಸೌರ ಫಲಕವೂ ಇಲ್ಲಿ ಆಪದ್ಬಾಂಧವನಲ್ಲ. 2024ರಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂದ ಮೇಲೆ, ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಸಿಗುವುದರಿಂದ, ನಮ್ಮ ಕಡೆಯೂ ಹಂಚಿನ ಮೇಲೆ ಫಲಕಗಳು ಕಾಣತೊಡಗಿವೆ. ಬಿಲ್ಲು ಇಳಿಸಲು ಅದು ನಿಜಕ್ಕೂ ಒಳ್ಳೆಯದು, ಇಂಡಕ್ಷನ್ನಿನ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಆದರೆ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೌರ ವ್ಯವಸ್ಥೆ, ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನನಿಗೆ ನಮ್ಮ ಚಾವಣಿಯ ವಿದ್ಯುತ್ ಹೊಡೆಯಬಾರದಲ್ಲ.

ಮಳೆಗಾಲದಲ್ಲಿ ಇಂಡಕ್ಷನ್ನಿಗೆ ಇನ್ನೊಂದು ಶತ್ರು ಇರುವೆ ಮತ್ತು ಜಿರಳೆ. ಒಲೆಯ ಹೊಟ್ಟೆಯಲ್ಲಿ ಫ್ಯಾನಿದೆ, ಅದಕ್ಕೆ ಗಾಳಿ ಬರಲು ಕೆಳಗೆ ಕಿಂಡಿಗಳಿವೆ, ಒಳಗೆ ಬೆಚ್ಚಗಿರುತ್ತದೆ. ಅವುಗಳಿಗೆ ಇನ್ನೇನು ಬೇಕು! ಕೆಲಸವಾದ ಮೇಲೆ ಒರೆಸಿ, ತಂತಿ ಕಳಚಿ, ಕಪಾಟಿನೊಳಗೆ ಎತ್ತಿಡುವ ಒಂದೇ ಮಂಡಲದ ಒಲೆ ಈ ದೃಷ್ಟಿಯಿಂದ ಕಲ್ಲಿನಲ್ಲಿ ಹುಗಿದದ್ದಕ್ಕಿಂತ ಮೇಲು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ಮನೆಯಲ್ಲಿದ್ದರೆ ಇಂಡಕ್ಷನ್ ತರುವ ಮೊದಲು ಅವರ ವೈದ್ಯರನ್ನು ಒಂದು ಮಾತು ಕೇಳಬೇಕು.

ಎರಡೂ ಬೇಕು ಎಂದಾದ ಮೇಲೆ ಯಾವ ಅಡುಗೆ ಎಲ್ಲಿಗೆ ಎಂಬುದು ಉಳಿಯಿತು. ನಮ್ಮ ಅಡುಗೆಮನೆಯಲ್ಲಿ ಬೆಂಕಿಯ ದೊಡ್ಡ ಪಾಲು ತಿನ್ನುವುದು ಕುಚ್ಚಿಲಕ್ಕಿ. ಬೆಳ್ತಿಗೆ ಅಕ್ಕಿ ಕಾಲು ಗಂಟೆಯಲ್ಲಿ ಬೆಂದರೆ ಇದಕ್ಕೆ ಮುಕ್ಕಾಲು ಗಂಟೆ, ಕೆಲವು ಅಕ್ಕಿಗೆ ಒಂದು ಗಂಟೆ. ಆ ಹೊತ್ತಿನುದ್ದಕ್ಕೂ ಉರಿ ದೊಡ್ಡದಾಗಿಯೇ ಇರುತ್ತದೆ, ಗಂಜಿ ಕೊತ ಕೊತ ಕುದಿಯದಿದ್ದರೆ ಬೇಯುತ್ತಿಲ್ಲ ಎಂಬ ಅನುಮಾನ. ಇದೊಂದು ಕಡೆ ಭೌತಶಾಸ್ತ್ರವನ್ನು ನಂಬಬೇಕು. ನೀರು ಕುದಿ ಹತ್ತಿದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅದರ ಬಿಸಿ 100 ಡಿಗ್ರಿಗಿಂತ ಮೇಲೇರುವುದಿಲ್ಲ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ. ಒಂದು ಲೀಟರ್ ಬಾವಿನೀರನ್ನು ಕುದಿಗೆ ತರಲು ಬೇಕಾಗುವ ಶಾಖಕ್ಕಿಂತ ಏಳು ಪಟ್ಟು ಶಾಖ ಆ ಲೀಟರನ್ನು ಆವಿ ಮಾಡಲು ಬೇಕು. ಅನ್ನ ಬೇಯುವ ಹೊತ್ತಿನಲ್ಲಿ ಅರ್ಧ ಲೀಟರ್ ನೀರು ಮುಚ್ಚಳದ ಸಂದಿನಿಂದ ಹೊರಟುಹೋದರೆ, ಮೂರೂವರೆ ಲೀಟರ್ ನೀರು ಕಾಯಿಸುವಷ್ಟು ಗ್ಯಾಸ್ ಚಾವಣಿಗೆ ಹೋಯಿತು.

ಇದಕ್ಕೆ ಕೇರಳದಲ್ಲಿ ಒಳ್ಳೆಯ ಮದ್ದಿದೆ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೊಗೆ ಕಡಿಮೆ ಮಾಡುವ ಒಲೆಯ ಜೊತೆಗೆ ಊರೂರಿಗೆ ಪರಿಚಯಿಸಿದ ‘ಚೂಡಾರಾಪೆಟ್ಟಿ’ ಅದು. ಚೂಡು ಎಂದರೆ ಬಿಸಿ, ಅದು ಆರದ ಪೆಟ್ಟಿಗೆ. ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ಮುಚ್ಚಳದ ಸಮೇತ ಬಿಸಿ ಹಿಡಿದಿಡುವ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿಬಿಟ್ಟರೆ ಉಳಿದದ್ದನ್ನು ಆ ಬಿಸಿಯೇ ಬೇಯಿಸುತ್ತದೆ. ಒಂದು ಗಂಟೆ ಬಿಟ್ಟು ತೆಗೆದು ಗಂಜಿ ಬಸಿದರಾಯಿತು. ಈಗ ಅಂಗಡಿಗಳಲ್ಲಿ ಥರ್ಮಲ್ ಕುಕ್ಕರ್ ಎಂದು ಸ್ಟೀಲಿನ ಡಬ್ಬದ ರೂಪದಲ್ಲಿ ಸಿಗುವುದೂ ಅದೇ ತತ್ತ್ವ. ಒಲೆಯ ಆಯ್ಕೆಯ ಲೇಖನದಲ್ಲಿ ಒಲೆಯಲ್ಲದ ವಸ್ತುವನ್ನು ಹೊಗಳಬಾರದೇನೋ. ಆದರೂ ಹೇಳುತ್ತೇನೆ, ದುಬಾರಿ ಹಾಬ್ ಕೊಂಡು ಉಳಿಸುವುದಕ್ಕಿಂತ ಹೆಚ್ಚು ಗ್ಯಾಸನ್ನು ಕುಚ್ಚಿಲಕ್ಕಿಯ ಮನೆಯಲ್ಲಿ ಈ ಡಬ್ಬ ಉಳಿಸುತ್ತದೆ.

ಹಾಗೆ ನೋಡಿದರೆ ಇಂಡಕ್ಷನ್ನಿನ ಪಾಲಿಗೆ ಬರಬೇಕಾದದ್ದು ನೀರಿನ ಕೆಲಸ. ಬೆಳಗ್ಗಿನ ಕಾಫಿಯ ನೀರು, ಹಾಲು, ಅನ್ನದ ಮೊದಲ ಕುದಿ, ಬೇಳೆ, ತರಕಾರಿ. ಒಂದು ಯೂನಿಟ್ ವಿದ್ಯುತ್ತಿನಲ್ಲಿ ಹತ್ತು ಲೀಟರ್ ನೀರು ಕುದಿಯುತ್ತದೆ, ಅದೂ ಮುಖಕ್ಕೆ ಉರಿ ಹೊಡೆಯದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಈ ಲಾಭವನ್ನು ಯಾವ ಬಿಲ್ಲೂ ತೋರಿಸುವುದಿಲ್ಲ. ದೋಸೆಗೂ ಆಗುತ್ತದೆ, ಆದರೆ ತಂತಿಯ ಸುರುಳಿ ಚಿಕ್ಕದಾಗಿದ್ದರೆ ನೀರುದೋಸೆಯ ನಡು ಬೆಂದು ಅಂಚು ಹಸಿಯಾಗಿ ಉಳಿಯುತ್ತದೆ. ಬೀಡಿನ ಕಲ್ಲನ್ನು ಮೊದಲು ಸಣ್ಣ ಶಕ್ತಿಯಲ್ಲಿ ಐದಾರು ನಿಮಿಷ ಕಾಯಲು ಬಿಟ್ಟರೆ ಬಿಸಿ ಅಂಚಿಗೆ ಹರಡುತ್ತದೆ. ಒಮ್ಮೆಲೇ ದೊಡ್ಡ ಶಕ್ತಿ ಕೊಟ್ಟರೆ ಕಲ್ಲು ಬಿರಿಯುವುದೂ ಉಂಟು.

ಮಂದ ಉರಿಯ ಕೆಲಸಕ್ಕೆ ಮಾತ್ರ ಇಂಡಕ್ಷನ್ ಬೇಡ. ಅಗ್ಗದ ಇಂಡಕ್ಷನ್ನಿನಲ್ಲಿ ಶಕ್ತಿ ಕಡಿಮೆ ಮಾಡಿದಾಗ ಅದು ನಿಜವಾಗಿ ಕಡಿಮೆ ಉರಿಯುವುದಿಲ್ಲ. ಸ್ವಲ್ಪ ಹೊತ್ತು ಜೋರಾಗಿ ಉರಿದು, ಸ್ವಲ್ಪ ಹೊತ್ತು ಪೂರಾ ನಿಲ್ಲುತ್ತದೆ. ನೀರಿಗೆ ಇದು ಗೊತ್ತಾಗುವುದಿಲ್ಲ, ಬೆಲ್ಲದ ಪಾಕಕ್ಕೆ ಗೊತ್ತಾಗುತ್ತದೆ. ಹಲಸಿನ ಹಣ್ಣಿನ ಬೆರಟಿ ಕಾಯಿಸುವವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಉರುಳಿ ಅದರ ಮೇಲೆ ನಡೆಯುವುದಿಲ್ಲ ಎಂಬುದು ಒಂದು, ನಡೆದಿದ್ದರೂ ಆ ಜೋರಿನ ಹೊಡೆತಕ್ಕೆ ತಳ ಹಿಡಿಯುತ್ತಿತ್ತು ಎಂಬುದು ಇನ್ನೊಂದು. ಒಗ್ಗರಣೆ, ಹಪ್ಪಳ ಸುಡುವುದು, ಗೊಜ್ಜಿಗೆ ಬದನೆ ಸುಡುವುದು, ಓಡುಪಾಳೆ, ಇವಕ್ಕೆಲ್ಲ ಉರಿಯೇ ಬೇಕು.

ಆ ಉರಿಗೆ ಗ್ಯಾಸ್ ಒಲೆ ಕೊಳ್ಳುವಾಗ ಬರ್ನರುಗಳ ಸಂಖ್ಯೆ ಎಣಿಸುವುದಕ್ಕಿಂತ ಅವುಗಳ ನಡುವಿನ ಅಂತರ ಅಳೆಯುವುದು ಮುಖ್ಯ. ಅತ್ತಿಗೆ ಮರುಳಾದ ನಾಲ್ಕು ಬರ್ನರಿನ ಒಲೆಯ ಮೇಲೆ ಅಟ್ಟಿನಳಗೆಯನ್ನು ಇಟ್ಟು ನೋಡಿದ್ದರೆ ಪಕ್ಕದ ಎರಡು ಬರ್ನರಿಗೆ ಪಾತ್ರೆ ಇಡಲು ಜಾಗವೇ ಇರುತ್ತಿರಲಿಲ್ಲ. ಹಲಸಿನ ಕಾಲದಲ್ಲಿ ಕೊಟ್ಟಿಗೆ ಎಂಬ ಎಲೆಯ ಕಡುಬು ಬೇಯಿಸುವ ಮನೆಗೆ, ಹತ್ತು ಜನ ಬಂದು ಹೋಗುವ ಮನೆಗೆ, ಅಗಲವಾದ ಎರಡು ಬರ್ನರೇ ಸಾಕು, ಹೆಚ್ಚೆಂದರೆ ಮೂರು. ನಾವು ಅಂಗಡಿಗೆ ಎರಡನೆಯ ಸಲ ಹೋದಾಗ ಅಟ್ಟಿನಳಗೆಯನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆವು. ಅಂಗಡಿಯ ಹುಡುಗ ನಕ್ಕ, ನಗಲಿ.

ಮೇಲ್ಭಾಗ ಗಾಜಿನದೋ ಸ್ಟೀಲಿನದೋ ಎಂಬ ಚರ್ಚೆಗೆ ನನ್ನ ಉತ್ತರ ಚಿಕ್ಕದು. ಗಾಜು ಒರೆಸಲು ಸುಲಭ, ನೋಡಲು ಚೆಂದ. ಹದ ಮಾಡಿದ ಗಾಜೇ ಆದರೂ ದೊಡ್ಡ ಪಾತ್ರೆಯಡಿ ಉರಿ ಕೆಳಮುಖವಾಗಿ ಹೊಡೆದು ಕಾಯ್ದಿರುವಾಗ ತಣ್ಣೀರು ಬಿದ್ದರೆ ಪುಡಿಪುಡಿಯಾಗಬಹುದು. ಭಾರದ ಪಾತ್ರೆ ಎತ್ತಿ ಇಳಿಸುವ ಕೈಗೆ ಸ್ಟೀಲೇ ಧೈರ್ಯ. ಬರ್ನರಿಗೆ ಹಿತ್ತಾಳೆಯದು ಬಾಳಿಕೆ. ತಾನಾಗಿ ಹೊತ್ತಿಕೊಳ್ಳುವ ವ್ಯವಸ್ಥೆಗೆ ಹೆಚ್ಚು ಹಣ ಕೊಡಬೇಡಿ, ಕಡಲ ತೀರದ ಉಪ್ಪುಗಾಳಿಗೆ ಅದು ಬೇಗ ಮುಷ್ಕರ ಹೂಡುತ್ತದೆ. ಲೈಟರ್ ಇದ್ದೇ ಇದೆ. ಹಣ ಕೊಡುವುದಿದ್ದರೆ ಉರಿ ಆರಿದಾಗ ಗ್ಯಾಸನ್ನು ತಾನಾಗಿ ನಿಲ್ಲಿಸುವ ಸುರಕ್ಷತೆಗೆ ಕೊಡಿ. ಬರ್ನರಿನ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ. ಉರಿಯ ಬಿಸಿಯಿಂದ ಅದರಲ್ಲಿ ಹುಟ್ಟುವ ಚೂರೇ ಚೂರು ವಿದ್ಯುತ್ ಗ್ಯಾಸಿನ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಗಂಜಿ ಉಕ್ಕಿ ಉರಿ ನಂದಿದರೆ ಕಡ್ಡಿ ತಣಿಯುತ್ತದೆ, ಬಾಗಿಲು ಮುಚ್ಚುತ್ತದೆ. ಗಂಜಿ ಉಕ್ಕದ ಮನೆ ನಮ್ಮ ಕಡೆ ಯಾವುದಿದೆ?

ನಂದಿದ ಒಲೆಯಿಂದ ಹೊರಟ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕಟ್ಟುವಾಗಲೇ ಯೋಚಿಸಬೇಕು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಅದು ಕಿಟಕಿಯಿಂದ ಹಾರಿಹೋಗುವುದಿಲ್ಲ, ನೆಲಕ್ಕಿಳಿದು ಮೂಲೆಯಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಕಪಾಟಿಗೆ ನೆಲಮಟ್ಟದಲ್ಲಿ ಗಾಳಿಕಿಂಡಿ ಬೇಕು; ಸಾಧ್ಯವಾದರೆ ಸಿಲಿಂಡರನ್ನೇ ಹೊರಗಿಟ್ಟು ತಾಮ್ರದ ಕೊಳವೆಯಲ್ಲಿ ಒಳಗೆ ತರುವುದು ಒಳ್ಳೆಯದು. ಕೇಸರಿ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೆ ದಿನಾಂಕ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಬದಲಿಸಬೇಕು.

2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಸುಮಾರು 450 ಕಿಲೋಮೀಟರ್ ಉದ್ದ, ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗಿದೆ. ಊರಿನ ಮಣ್ಣಿನಡಿ ಗ್ಯಾಸ್ ಹರಿಯುತ್ತಿದೆ ಎಂದ ಮಾತ್ರಕ್ಕೆ ಒಲೆಗೆ ಬಂತು ಎಂದಲ್ಲ. ಮುಂದೆ ಬಂದರೂ ಒಲೆ ಎಸೆಯಬೇಕಾಗಿಲ್ಲ, ಬರ್ನರಿಗೆ ಅನಿಲ ಬಿಡುವ ಸಣ್ಣ ತೂತಿನ ಜೆಟ್ ಬದಲಿಸಿದರೆ ಸಾಕು. ಕೊಳವೆಯ ಅನಿಲ ಬರುವ ಒತ್ತಡ ಕಡಿಮೆ, ಒಂದೇ ಗಾತ್ರದ ಅನಿಲದಲ್ಲಿರುವ ಶಾಖವೂ ಸಿಲಿಂಡರಿನದಕ್ಕಿಂತ ಅರ್ಧಕ್ಕೂ ಕಡಿಮೆ. ಹಾಗಾಗಿ ಜೆಟ್ಟಿನ ತೂತು ದೊಡ್ಡದಾಗಬೇಕು. ಆ ದೊಡ್ಡ ತೂತಿನ ಒಲೆಗೆ ಮತ್ತೆ ಸಿಲಿಂಡರ್ ಜೋಡಿಸಿದರೆ ಹಳದಿ ಉರಿ ಮೇಲೆದ್ದು ಪಾತ್ರೆಯೆಲ್ಲ ಮಸಿ. ಗೋಬರ್ ಗ್ಯಾಸಿಗೆ ಅದರದೇ ಒಲೆ ಬೇಕಾಗುವುದೂ ಇದೇ ಕಾರಣಕ್ಕೆ. ಎರಡು ಘನ ಮೀಟರಿನ ಗೋಬರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಅತ್ತಿಗೆಯ ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ ತಳಿಯ ಎರಡು ದನ. ಹಾಲು ಅಮೃತ, ಸೆಗಣಿ ಮಾತ್ರ ತುಳಸಿಕಟ್ಟೆ ಸಾರಿಸಲು ಸಾಕಾದೀತು. ಅದನ್ನು ಅಲ್ಲಿಗೇ ಬಿಟ್ಟೆವು.

ಸೌದೆ ಒಲೆಯನ್ನು ತೆಗೆಸುವ ಮಾತು ಮೇಸ್ತ್ರಿಯ ಬಾಯಿಂದ ಬಂತು. ಅಡುಗೆಮನೆಯೊಳಗಿನದನ್ನು ತೆಗೆಯಲಿ, ಆ ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದೇ. ಹೊರಗಿನ ಚಾವಡಿಯದು ಇರಲಿ ಎಂದೆವು. ಕರಟ, ಕೊತ್ತಳಿಗೆ, ಅಡಿಕೆ ಸಿಪ್ಪೆ ತೋಟದಲ್ಲಿ ಬಿದ್ದುಕೊಂಡಿರುವಾಗ ಸ್ನಾನದ ಹಂಡೆಗೂ ಬೆರಟಿಯ ಉರುಳಿಗೂ ಸಿಲಿಂಡರ್ ಸುಡುವುದು ಯಾವ ನ್ಯಾಯ?

ಕೊನೆಗೆ ಮನೆಗೆ ಬಂದದ್ದು ಎರಡು ಬರ್ನರಿನ ಸ್ಟೀಲ್ ಗ್ಯಾಸ್ ಒಲೆ ಒಂದು, ಅಡಿ ಸಪಾಟಾದ ಸ್ಟೀಲ್ ಕುಕ್ಕರ್ ಒಂದು, ಥರ್ಮಲ್ ಡಬ್ಬ ಒಂದು. ಹಳೆಯ ಇಂಡಕ್ಷನ್ನಿಗೆ ಹೊಸ ಸಾಕೆಟ್ ಸಿಕ್ಕಿತು. ಹಾಬ್ ಬಗ್ಗೆ ಅತ್ತಿಗೆಗೆ ಇನ್ನೂ ಸ್ವಲ್ಪ ಆಸೆಯಿತ್ತು. ಆದರೆ ಹಾಬ್ ಕೂರಿಸಲು ಕಲ್ಲನ್ನು ಅದರ ಅಳತೆಗೇ ಕೊರೆಯಬೇಕು, ಒಂದು ಕಂಪನಿಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ಹತ್ತು ವರ್ಷದ ಮೇಲೆ ಅದು ಕೆಟ್ಟರೆ ಆ ತೂತಿಗೆ ಸರಿಯಾದದ್ದನ್ನೇ ಹುಡುಕಬೇಕು ಎಂದು ಹೇಳಿದೆ. ಮರುದಿನ ಗ್ರಾನೈಟ್ ಕೊರೆಯುವವನು ಯಂತ್ರ ಹಿಡಿದು ಬಂದು ಸೀಮೆಸುಣ್ಣದಲ್ಲಿ ಚೌಕ ಎಳೆದಿದ್ದ. ಅತ್ತಿಗೆ ಒದ್ದೆ ಬಟ್ಟೆ ತಂದು ಚೌಕವನ್ನು ಒರೆಸಿ, "ನೀರು ಹೋಗುವ ತೊಟ್ಟಿಗೆ ಮಾತ್ರ ತೂತು ಕೊರೆಯಪ್ಪ, ಒಲೆ ಮೇಲೆಯೇ ಕೂರುತ್ತದೆ" ಎಂದರು.